ಮಲ್ಲುವಿನ ಎಡಗೈ ಎಂಜಿನ್ನು

ಹ್ಯಾರಿಸ್ ಪಾರ್ಕ್

ಆಸ್ಟ್ರೇಲಿಯಾದಲ್ಲಿ ನನ್ನ ಎದೆ ಮೊದಲ ಸಲ ಧಸಕ್ಕೆಂದದ್ದು ಒಂದು ಸೀಟಿನಿಂದ. ಸಿಡ್ನಿಯ ಲೋಕಲ್ ರೈಲಿನಲ್ಲಿ ಇನ್ನೇನು ಕೂರಬೇಕು, ಜೊತೆಗಿದ್ದ ರಶ್ಮಿ ‘ಒಂದ್ನಿಮಿಷ ಆಂಟಿ’ ಎಂದು ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅದು ಧಡಾರೆಂದು ಈಚೆ ಬದಿಗೆ ಬಂತು. ಮುರಿದೇಹೋಯಿತು, ಇನ್ನು ದಂಡ ಕಟ್ಟಬೇಕು ಎಂದುಕೊಂಡು ನಾನು ಟಿಕೆಟ್ ತನಿಖೆಯವರು ಬಂದರೇನೋ ಎಂದು ಸುತ್ತ ನೋಡಿದೆ. ಯಾರೂ ತಲೆ ಎತ್ತಲಿಲ್ಲ. ರೈಲು ಹೋಗುವ ದಿಕ್ಕಿಗೆ ಮುಖಮಾಡಿ ಕೂರಲಿ ಎಂದು ಆ ಸೀಟನ್ನು ಮಾಡಿರುವುದೇ ಹಾಗಂತೆ. ಮೂವತ್ತೊಂಬತ್ತು ವರ್ಷ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಗೆರೆ ಎಳೆದವಳು ನಾನು. ನಮ್ಮಲ್ಲಿ ಯಾರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು.

ರಶ್ಮಿ ನನ್ನ ಜೊತೆ ಕೆಲಸಮಾಡಿದ ಗೆಳತಿಯ ಮಗಳು. ಬೆಂಗಳೂರಿನಲ್ಲಿ ಬೆಳೆದವಳು, ಈಗ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಬಾಡಿಗೆ ಮನೆ. ಅವಳ ಬೀದಿಯಲ್ಲಿ ಜಿಲೇಬಿ ಅಂಗಡಿ, ಚಾಟ್ ಅಂಗಡಿ, ಸೀರೆ ಅಂಗಡಿ ಎಲ್ಲವೂ ಇವೆ. ಅದೆಲ್ಲದರ ನಡುವೆ ಸೂಟು ಹಾಕಿಕೊಂಡ ಬಿಳಿಯನೊಬ್ಬ ಬರಿಗಾಲಲ್ಲಿ ನಡೆದುಹೋದ. ದೇವಸ್ಥಾನಕ್ಕೆ ಹೊರಟಿದ್ದಾನೆಯೇ ಎಂದು ಕೇಳಿದೆ. ‘ಇಲ್ಲ ಆಂಟಿ, ಇಲ್ಲಿ ಹಂಗೇ. ಸೂಪರ್‌ಮಾರ್ಕೆಟ್ಟಿಗೂ ಹಂಗೇ ಬರ್ತಾರೆ’ ಎಂದಳು. ನಮ್ಮ ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಬೀದಿಗಿಳಿದರೆ ನಾನು ಬೈದದ್ದೆಷ್ಟು.

ನಾನು ಈ ವಯಸ್ಸಿನಲ್ಲಿ ವಿಮಾನ ಹತ್ತಿದ್ದಕ್ಕೆ ಕಾರಣ ಮಲ್ಲು. ನನ್ನ ಚಿಕ್ಕಪ್ಪನ ಮಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ಆಫೀಸಿನಲ್ಲಿ ನಕ್ಷೆ ಇಳಿಸುವಾಗ ಕೆಟ್ಟುಹೋದ ಟ್ರೇಸಿಂಗ್ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಗಂಜಿ ತೆಗೆದರೆ ಒಳ್ಳೆಯ ನಯವಾದ ಅರಿವೆ ಸಿಗುತ್ತಿತ್ತು. ಅದರಲ್ಲಿ ಅವನಿಗೆ ಅಂಗಿ ಹೊಲಿದುಕೊಟ್ಟಿದ್ದೇನೆ. ಅಡುಗೆಮನೆಯ ನೆಲದಲ್ಲಿ ಕೂರಿಸಿಕೊಂಡು ಯಂತ್ರದ ನಕ್ಷೆ ಓದುವುದನ್ನು ಕಲಿಸಿದವಳೂ ನಾನೇ. ಅವನೀಗ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಒಂದು ಕಾರ್ಖಾನೆಯ ಯಂತ್ರಗಾರ. ರಜೆಯ ದಿನಗಳಲ್ಲಿ ಗ್ಯಾರೇಜಿನಲ್ಲಿ ಕೂತು, ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಒಂದು ಪ್ಯಾಸೆಂಜರ್ ಉಗಿ ಎಂಜಿನ್ನಿನ ಪುಟ್ಟ ಪಡಿಯಚ್ಚು ಮಾಡುತ್ತಿದ್ದ. ಆಟಿಕೆಯಲ್ಲ. ಕಲ್ಲಿದ್ದಲು ಹಾಕಿದರೆ ನಿಜವಾದ ಉಗಿಯಲ್ಲಿ ಓಡಿ ಹತ್ತು ಜನರನ್ನು ಎಳೆಯುವಂಥದ್ದು. ಒಂಬತ್ತು ವರ್ಷದ ಕೆಲಸ ಮುಗಿದು, ಬರುವ ಭಾನುವಾರ ಇಂಥ ಎಂಜಿನ್ ಮಾಡುವವರ ಕ್ಲಬ್ಬಿನ ಮೈದಾನದಲ್ಲಿ ಮೊದಲ ಬೆಂಕಿ.

‘ಅಕ್ಕಾ, ಬೆಂಕಿ ಹಚ್ಚೋ ದಿನ ನೀ ಇರಬೇಕು ನೋಡು. ಗೆರಿ ಓದಾಕ ಕಲಿಸಿದಾಕಿ ನೀನ’ ಎಂದು ಟಿಕೇಟು ಕಳಿಸಿಯೇಬಿಟ್ಟ. ಜೊತೆಗೊಂದು ಕೆಲಸವನ್ನೂ ಅಂಟಿಸಿದ. ಆ ಎಂಜಿನ್ನಿನ ಹಳೆಯ ನಕ್ಷೆ ಕೊಟ್ಟವರು ಸಿಡ್ನಿಯ ಹೆರ್ಮನ್ ಎಂಬ ಎಂಬತ್ತೆಂಟು ವರ್ಷದ ಅಜ್ಜ. ಅವರಿಗೆ ಪ್ರಯಾಣ ಆಗದು. ಅವರ ಮನೆಗೆ ಹೋಗಿ ಒಂದು ಫೋಟೋ ಇಸಿದುಕೊಂಡು ಬರಬೇಕು.

ಹೆರ್ಮನ್ ಅಜ್ಜನ ಮನೆ

ಅಜ್ಜ ಬಾಗಿಲಲ್ಲೇ ಕಾದಿದ್ದರು. ರಶ್ಮಿ ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳಿದ್ದನ್ನು ನೋಡಿ ನಾನೂ ಹೇಳಿದ್ದೆ. ಆ ಧೈರ್ಯದಲ್ಲಿ ಅಜ್ಜನ ಜೊತೆಯೂ ನನ್ನ ಆಫೀಸ್ ಇಂಗ್ಲಿಷಿನಲ್ಲಿ ಮಾತಿಗಿಳಿದೆ. ಅವರದೂ ನಿಧಾನದ ಇಂಗ್ಲಿಷ್, ನನಗೆ ಹೊಂದಿತು.

ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಇತ್ತು. ಉದ್ದ ಕತ್ತಿನ ಚಿಮಣಿ, ಬೋಗುಣಿ ಬೋರಲು ಹಾಕಿದಂಥ ಹಿತ್ತಾಳೆಯ ಗುಮ್ಮಟ, ಆಳೆತ್ತರದ ಎರಡು ಚಕ್ರ. ಆ ಕಾಲದ ಗೂಡ್ಸ್ ಎಂಜಿನ್ನಿಗೆ ಗಿಡ್ಡ ಚಕ್ರ, ಸಂಖ್ಯೆ ಹೆಚ್ಚು. ಜನರನ್ನು ಹೊತ್ತು ಬೇಗ ಹೋಗಬೇಕಾದದ್ದಕ್ಕೆ ಚಕ್ರ ಕಡಿಮೆ, ಆದರೆ ಎತ್ತರ. ಒಂದು ಸುತ್ತಿಗೆ ಹೆಚ್ಚು ದೂರ ಹೋಗಲಿ ಎಂದು. ಡ್ರೈವರನ ತಲೆಯ ಮೇಲೆ ಸರಿಯಾದ ಸೂರೂ ಇಲ್ಲ, ಮುಂದೊಂದು ತಗಡು, ಅದರಲ್ಲಿ ಎರಡು ಗಾಜಿನ ಕಿಂಡಿ. ಜರ್ಮನಿಯ ಹಿಮದಲ್ಲಿ ಹಾಗೆ ನಿಂತು ಓಡಿಸುತ್ತಿದ್ದರಂತೆ. ನನಗೆ ಚಳಿ ಹತ್ತಿತು. ಎಂಜಿನ್ನಿನ ಪಕ್ಕಕ್ಕೆ ಆತುಕೊಂಡು ನಿಂತಿದ್ದ ಗಡ್ಡದ ಡ್ರೈವರ್ ಹೆರ್ಮನ್ನರ ಸ್ವಂತ ಅಜ್ಜ.

ಅವರು ಮೇಜಿನ ಖಾನೆಯಿಂದ ಇನ್ನೊಂದು ಫೋಟೋ ತೆಗೆದರು. ಅದೇ ಎಂಜಿನ್, ಅದೇ ಮನುಷ್ಯ, ಆದರೆ ಎಲ್ಲವೂ ತಿರುಗುಮುರುಗು. ಗೋಡೆಯದರಲ್ಲಿ ಎಂಜಿನ್ ಎಡಕ್ಕೆ ಹೊರಟಿದ್ದರೆ ಇದರಲ್ಲಿ ಬಲಕ್ಕೆ.

‘ಇದು ನಮ್ಮ ಮನೆಯಲ್ಲಿದ್ದ ಹಳೆಯದು. ಎಂಬತ್ತು ವರ್ಷ ಇದನ್ನೇ ನೋಡಿದೆ. ಮಲ್ಲು ನಕ್ಷೆ ಓದಿ, ಇದನ್ನು ಅಚ್ಚುಹಾಕಿದವರು ಗಾಜಿನ ನೆಗೆಟಿವನ್ನು ತಿರುವಿ ಇಟ್ಟಿದ್ದಾರೆ, ನಿಜವಾದ ಎಂಜಿನ್ನಿನಲ್ಲಿ ಡ್ರೈವರ್ ಎಡಗಡೆ ನಿಲ್ಲುತ್ತಿದ್ದ ಎಂದ. ಅದಕ್ಕೇ ಸರಿಮಾಡಿಸಿ ಗೋಡೆಗೆ ಹಾಕಿದೆ’ ಎಂದರು ಅಜ್ಜ. ಗೋಡೆಯ ಕಡೆ ತಿರುಗಿ, ‘ಆದರೆ ಗೋಡೆಯ ಮೇಲಿರುವವನು ನನಗೆ ಪರಿಚಯವೇ ಆಗುತ್ತಿಲ್ಲ. ಬೈತಲೆ ಆ ಕಡೆ, ಓರೆ ನಗು ಆ ಕಡೆ. ಯಾರೋ ನೆಂಟನ ಹಾಗೆ ಕಾಣುತ್ತಾನೆ’ ಎಂದು ನಕ್ಕರು. ಆ ನಗು ಚೆನ್ನಾಗಿರಲಿಲ್ಲ. ಹಳೆಯ ಫೋಟೋವನ್ನು ನನ್ನ ಕೈಗಿಟ್ಟು, ‘ತಪ್ಪಿನದು ನನಗೇಕೆ, ಮಲ್ಲುವೇ ಇಟ್ಟುಕೊಳ್ಳಲಿ’ ಎಂದರು.

ನಾನು ಫೋಟೋವನ್ನು ಅದಕ್ಕೆಂದೇ ತಂದಿದ್ದ ಹಳೆಯ ಸೀರೆಯಲ್ಲಿ ಸುತ್ತುವ ಮೊದಲು ಒಮ್ಮೆ ಬೆಳಕಿಗೆ ಹಿಡಿದೆ. ಡ್ರೈವರನ ಕೋಟಿಗೆ ಒಂದು ಸಾಲು ಗುಂಡಿ. ತೊಟ್ಟವನ ಎಡಗಡೆಯ ಪಟ್ಟಿ ಬಲಗಡೆಯದರ ಮೇಲೆ ಬಂದಿತ್ತು. ನನಗೆ ಏನೋ ಚುಚ್ಚಿದಂತಾಯಿತು. ಗಂಡಸರ ಅಂಗಿ ಹೊಲಿದವರಿಗೆಲ್ಲ ಗೊತ್ತು, ಎಡ ಪಟ್ಟಿಯೇ ಮೇಲೆ ಬರುವುದು. ಹೆಂಗಸರದು ಅದಕ್ಕೆ ವಿರುದ್ಧ. ಅಂದಮೇಲೆ ಖಾನೆಯಲ್ಲಿದ್ದ ಫೋಟೋವೇ ಸರಿ, ಗೋಡೆಯ ಮೇಲಿನವನು ಹೆಂಗಸರ ಕೋಟು ತೊಟ್ಟಿದ್ದಾನೆ. ಆದರೆ ಜರ್ಮನಿಯಲ್ಲಿ ಆ ಕಾಲಕ್ಕೆ ಹೇಗೋ ಏನೋ. ಪರರ ಮನೆಯಲ್ಲಿ ಕೂತು ಒಂದು ಗುಂಡಿ ನೋಡಿ ಮಾತಾಡುವುದು ಬೇಡವೆಂದು ಬಾಯಿ ಮುಚ್ಚಿಕೊಂಡೆ.

ಸಿಡ್ನಿಯಿಂದ ಮೆಲ್ಬರ್ನಿಗೆ

ವಿಮಾನದಲ್ಲಿ ಒಂದೂವರೆ ತಾಸಿನ ದಾರಿಯನ್ನು ನಾನು ಹಟಮಾಡಿ ರೈಲಿನಲ್ಲಿ ಹೋದೆ. ಮುಂದುವರಿದ ದೇಶ, ಬಾಣದ ಹಾಗೆ ಹೋಗುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಹೊರಟದ್ದು ಬೆಟ್ಟ ಬಳಸಿ, ಹೊಲ ಬಳಸಿ, ಕುರಿ ಎಣಿಸಿಕೊಂಡು ಸಂಜೆಯವರೆಗೂ ಹೋಗುತ್ತಲೇ ಇತ್ತು. ಹುಬ್ಬಳ್ಳಿ ಪ್ಯಾಸೆಂಜರನ್ನು ಇನ್ನೆಂದೂ ಬೈಯುವುದಿಲ್ಲ ಎಂದು ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡೆ.

ಪಕ್ಕದ ಸೀಟಿನಲ್ಲಿ ಲಾರಿ ಡ್ರೈವರನಂಥ ಆಜಾನುಬಾಹು. ತೋಳಿನ ತುಂಬ ಹಚ್ಚೆ. ರೈಲು ಹೊರಟೊಡನೆ ಚೀಲದಿಂದ ಎರಡು ಕಡ್ಡಿ, ಗುಲಾಬಿ ಉಣ್ಣೆ ತೆಗೆದು ಸ್ವೆಟರ್ ಹೆಣೆಯತೊಡಗಿದ. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಒಂದು ಕುಣಿಕೆಯೂ ತಪ್ಪುತ್ತಿರಲಿಲ್ಲ, ಕೈಯನ್ನು ನೋಡಿಕೊಳ್ಳುತ್ತಲೂ ಇರಲಿಲ್ಲ.

ಆದರೆ ನನ್ನ ತಲೆ ಗುಂಡಿಯಲ್ಲೇ ಸಿಕ್ಕಿಕೊಂಡಿತ್ತು. ಈ ದೇಶದಲ್ಲಾದರೂ ಗಂಡಸರ ಪಟ್ಟಿ ಯಾವ ಕಡೆ ಎಂದು ಪರೀಕ್ಷಿಸಿಬಿಡೋಣವೆಂದು ಡಬ್ಬಿಯಲ್ಲಿದ್ದ ಗಂಡಸರ ಎದೆಗಳನ್ನೆಲ್ಲ ನೋಡುತ್ತಾ ಹೋದೆ. ಎಲ್ಲವೂ ಎಡ ಪಟ್ಟಿಯೇ. ಟೀ ತರಲು ಹೋಗಿ ಬರುವಾಗ ಮತ್ತೆ ನಾಲ್ಕು ಜನರದು ನೋಡಿದೆ. ಕೊನೆಗೆ ಪಕ್ಕದವನ ಅಂಗಿಯ ಹತ್ತಿರಕ್ಕೇ ಕನ್ನಡಕ ಒಯ್ದಾಗ ಅವನು ಹೆಣಿಗೆ ನಿಲ್ಲಿಸಿ, ‘ಅಮ್ಮಾ, ನನ್ನ ಅಂಗಿಗೆ ಏನಾದರೂ ಆಗಿದೆಯೇ?’ ಎಂದು ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿದ. ನಾಚಿಕೆಯಿಂದ ಭೂಮಿಗಿಳಿದುಹೋದೆ. ಬೇರೆ ದಾರಿಯಿಲ್ಲದೆ ಫೋಟೋ ಬಿಚ್ಚಿ ವಿಷಯ ಹೇಳಿದೆ. ಅವನು ಫೋಟೋ ನೋಡಿದ, ತನ್ನ ಗುಂಡಿ ನೋಡಿಕೊಂಡ, ಹೆಂಡತಿಗೆಂದು ಹೆಣೆಯುತ್ತಿದ್ದ ಗುಲಾಬಿ ಸ್ವೆಟರಿನ ಪಟ್ಟಿ ನೋಡಿದ. ‘ಇದು ಗಂಡಸಿನ ಕೋಟೇ. ಫೋಟೋ ಸರಿಯಾಗಿಯೇ ಇದೆ’ ಎಂದು ತೀರ್ಪು ಕೊಟ್ಟು ಮತ್ತೆ ಹೆಣೆಯತೊಡಗಿದ.

ಕ್ಲೈಡ್ ನಾರ್ತ್

ಮಲ್ಲುವಿನ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಮರುದಿನ ಬೆಳಿಗ್ಗೆ ನಾಲ್ಕು ಹೆಜ್ಜೆ ತಿರುಗಾಡಿ ಬಂದು ಬಾಗಿಲು ತೆರೆದಿತ್ತೆಂದು ಒಳಗೆ ನಡೆದೆ. ಅದೇ ನೆಲ, ಅದೇ ಪರದೆ, ಆದರೆ ಅಡುಗೆಮನೆ ಎಡಕ್ಕೆ ಹೋಗಿತ್ತು. ರೊಟ್ಟಿ ತಟ್ಟುತ್ತಿದ್ದ ಪಂಜಾಬಿ ಹೆಂಗಸು ನನ್ನನ್ನು ನೋಡಿ ಕಿರುಚಲಿಲ್ಲ. ‘ಬೈಠಿಯೇ ಆಂಟಿ’ ಎಂದು ಚಹಾ ಕೊಟ್ಟು, ಆಮೇಲೆ ಮೂರನೆಯ ಮನೆ ತೋರಿಸಿದಳು. ವಾರಕ್ಕೊಬ್ಬರು ಹೀಗೆ ಬರುತ್ತಾರಂತೆ.

ತಿಂಡಿಯಾದ ಮೇಲೆ ಮಲ್ಲು ಗ್ಯಾರೇಜಿನ ಬಾಗಿಲೆತ್ತಿದ. ಹೆಂಡತಿ ಸವಿತಾ ಹಿಂದೆಯೇ ಬಂದಳು. ಅವಳು ಮೈಸೂರಿನವಳು, ಮಾತು ಮೆತ್ತಗೆ.

ಕರುವಿನಷ್ಟು ದೊಡ್ಡ ಎಂಜಿನ್ನು ಬೆಂಚಿನ ಮೇಲೆ ನಿಂತಿತ್ತು. ಕಡುಹಸಿರು ಮೈ, ಹಿತ್ತಾಳೆಯ ಗುಮ್ಮಟದಲ್ಲಿ ನನ್ನ ಮುಖ ಕಾಣುತ್ತಿತ್ತು. ಚಕ್ರದ ಒಂದೊಂದು ಕಡ್ಡಿಯನ್ನೂ ಅರದಿಂದ ಉಜ್ಜಿ ಇಳಿಸಿದ್ದಾನೆ. ತಿರುಗಿಸಿದರೆ ಚಕ್ರಗಳನ್ನು ಜೋಡಿಸುವ ಕೂಡುಸರಳು ಸದ್ದಿಲ್ಲದೆ ಮೇಲೇರಿ ಕೆಳಗಿಳಿಯುತ್ತದೆ. ನನಗೆ ಕಣ್ಣು ತುಂಬಿ ಬಂತು.

‘ಇಲ್ಲಿ ನೋಡಕ್ಕಾ’ ಎಂದು ಮಲ್ಲು ಒಂದು ಹಿಡಿಕೆ ತೋರಿಸಿದ. ಎಂಜಿನ್ನನ್ನು ಮುಂದಕ್ಕೋ ಹಿಂದಕ್ಕೋ ಓಡಿಸುವ ರಿವರ್ಸಿಂಗ್ ಲಿವರ್. ಅದರಿಂದ ಹೊರಟ ಉದ್ದನೆಯ ಸರಳು ಬಾಯ್ಲರಿನ ಎಡ ಮಗ್ಗುಲಲ್ಲಿ ಹೋಗಿತ್ತು. ‘ಜರ್ಮನ್ ಎಂಜಿನ್ನಿನ್ಯಾಗ ಸಾಮಾನ್ಯ ಡ್ರೈವರ್ ಬಲಕ್ಕ ನಿಂದರತಾನ. ಇದೊಂದರಾಗ ಎಡಕ್ಕ! ಈ ಜಾತಿದು ಒಂದೂ ಉಳಿದಿಲ್ಲ, ಯಾರಿಗೂ ಗೊತ್ತಿರಲಿಲ್ಲ. ನಕ್ಷೆ ಓದಿ ನಾನ ಕಂಡುಹಿಡಿದೆ. ಕ್ಲಬ್ಬಿನ ಪತ್ರಿಕೆಯೊಳಗ ಬರದೇನಿ, ಎರಡು ಪುಟ.’

ಅವನಿಗಿನ್ನೂ ಕೊಡದೆ ಚೀಲದಲ್ಲಿಟ್ಟಿದ್ದ ಹಳೆಯ ಫೋಟೋ ನೆನಪಾಯಿತು. ಫೋಟೋದಲ್ಲಿ ಎಂಜಿನ್ ಬಲಕ್ಕೆ ಹೊರಟಿದೆ, ಅಂದರೆ ನಮಗೆ ಕಾಣುವುದು ಅದರ ಬಲ ಮಗ್ಗುಲು. ಡ್ರೈವರ್ ಅಲ್ಲೇ ನಿಂತಿದ್ದಾನೆ, ಸರಳೂ ಅಲ್ಲೇ ಇದೆ. ಅವನ ಕೋಟಿನ ಗುಂಡಿ ಸರಿಯಾಗಿದೆ.

‘ನಕ್ಷೆ ತಗೀ’ ಎಂದೆ.

ಅವನು ಬಿಡಿಭಾಗಗಳ ಹಾಳೆಗಳನ್ನೂ ಮುಖ್ಯ ಹಾಳೆಯ ಪ್ರತಿಯನ್ನೂ ಹರಡಿ, ಚಹಾ ತರುತ್ತೇನೆಂದು ಒಳಗೆ ಹೋದ. ಹೊರಮೈ ತೋರಿಸುವ ಹಾಳೆ ಎಂದೋ ಕಳೆದುಹೋಗಿತ್ತು. ಮುಖ್ಯ ಹಾಳೆಯಲ್ಲಿ ಎರಡೇ ಚಿತ್ರ. ಮೇಲೆ, ಎಂಜಿನ್ನನ್ನು ಉದ್ದಕ್ಕೆ ಸೀಳಿದಂತೆ ಬರೆದದ್ದು. ಅದರ ಕೆಳಗೆ, ಬಾಯ್ಲರ್ ತೆಗೆದು ಬರೀ ಚೌಕಟ್ಟು ತೋರಿಸಿದ್ದು.

ಇಲ್ಲೊಂದು ಮಾತು ಹೇಳಬೇಕು. ಒಂದು ವಸ್ತುವನ್ನು ಕಾಗದದ ಮೇಲೆ ಇಳಿಸುವುದಕ್ಕೆ ಲೋಕದಲ್ಲಿ ಎರಡು ಪದ್ಧತಿ ಇವೆ. ನಮ್ಮಲ್ಲಿ, ಜರ್ಮನಿಯಲ್ಲಿ, ಮೇಲಿಂದ ನೋಡಿದ ಚಿತ್ರವನ್ನು ಕೆಳಗೆ ಬರೆಯುತ್ತಾರೆ. ಅಮೆರಿಕ, ಆಸ್ಟ್ರೇಲಿಯಾದವರು ಮೇಲಿಂದ ನೋಡಿದ್ದನ್ನು ಮೇಲೆಯೇ ಬರೆಯುತ್ತಾರೆ; ಕೆಳಗಿರುವ ಚಿತ್ರವೆಂದರೆ ಅವರಿಗೆ ಅಡಿಯಿಂದ ನೋಡಿದ್ದು. ಚಕ್ಕಡಿಯ ಮೇಲೆ ನಿಂತು ನೋಡುವುದಕ್ಕೂ ಕೆಳಗೆ ಅಂಗಾತ ಮಲಗಿ ನೋಡುವುದಕ್ಕೂ ಇರುವ ವ್ಯತ್ಯಾಸ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಈಗಿನ ಹಾಳೆಗಳಲ್ಲಿ ಯಾವ ಪದ್ಧತಿ ಎಂದು ಮೂಲೆಯಲ್ಲಿ ಗುರುತು ಇರುತ್ತದೆ. ಹಳೆಯದರಲ್ಲಿ ಇರಲಿಲ್ಲ.

ನಾನು ಕೆಳಗಿನ ಚಿತ್ರದ ಮೇಲೆ ಬಗ್ಗಿದೆ. ನೀರಿನ ಪೈಪೊಂದು ಚಕ್ರದ ಅಚ್ಚನ್ನು ದಾಟುವ ಜಾಗದಲ್ಲಿ ಪೈಪಿನ ಗೆರೆ ಅಖಂಡವಾಗಿತ್ತು, ಅಚ್ಚಿನ ಗೆರೆ ತುಂಡಾಗಿತ್ತು, ಅಂದರೆ ನೋಡುವವನಿಗೆ ಪೈಪೇ ಹತ್ತಿರ. ಮೇಲಿನ ಚಿತ್ರದಲ್ಲೂ ಪೈಪು ಅಚ್ಚಿನ ಮೇಲೆಯೇ ಹೋಗಿತ್ತು. ಯಾವ ಗೆರೆ ಯಾವುದರ ಅಡಿಗೆ ನುಸುಳುತ್ತದೆ ಎಂಬುದು ನಕ್ಷೆ ನಕಲು ಮಾಡುವ ಟ್ರೇಸರಿಗೆ ಮೊದಲ ದಿನ ಕಲಿಸುವ ಪಾಠ. ಬರೆದವನು ಮೇಲಿಂದ ನೋಡಿ ಬರೆದಿದ್ದಾನೆ. ಮಲ್ಲು ಅಡಿಯಿಂದ ಓದಿದ್ದಾನೆ. ಲಿವರ್, ಸರಳು, ನೀರಿನ ಪಂಪು, ಪೈಪುಗಳು, ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಆ ಕಡೆಯದು ಈ ಕಡೆಗೆ ಬಂದಿವೆ. ಎಂಜಿನ್ನು ಓಡುವುದರಲ್ಲಿ ಸಂಶಯವಿಲ್ಲ. ಆದರೆ ಅಂಥ ಎಂಜಿನ್ನು ಜರ್ಮನಿಯಲ್ಲಿ ಎಂದೂ ಇರಲಿಲ್ಲ.

ಸವಿತಾಳನ್ನು ಹತ್ತಿರ ಕರೆದು ಹಾಳೆ ತೋರಿಸಿದೆ. ಅವಳಿಗೆ ಮೆಲ್ಲಗೆ ಹೇಳಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

‘ಅಕ್ಕಾ, ದಮ್ಮಯ್ಯ, ಭಾನುವಾರ ಮುಗೀಲಿ. ಒಂಬತ್ತು ವರ್ಷ ಪ್ರತಿ ವೀಕೆಂಡೂ ಇಲ್ಲೇ ಕೂತಿದಾರೆ. ಮಾರ್ಟ್‌ಗೇಜ್ ಟೆನ್ಷನ್ ಬಂದ್ರೂ ಇಲ್ಲೇ, ಅತ್ತೆ ತೀರ್ಕೊಂಡಾಗ ಊರಿಗೆ ಹೋಗೋಕಾಗ್ದೆ ಇದ್ದಾಗ್ಲೂ ಇಲ್ಲೇ. ಕ್ಲಬ್ಬಲ್ಲಿ ಯಾರಿಗೂ ಗೊತ್ತಾಗಲ್ಲ ಅಲ್ವಾ?’

ಗೊತ್ತಾಗುವುದಿಲ್ಲ, ನಿಜ. ಮಲ್ಲು ಚಹಾ ತಂದ. ಕುಡಿದೆ. ಸಕ್ಕರೆ ಹಾಕಿದ್ದನೋ ಇಲ್ಲವೋ ತಿಳಿಯಲಿಲ್ಲ.

ಡ್ಯಾಂಡಿನಾಂಗ್

ಶನಿವಾರ ಮಲ್ಲು ನನ್ನನ್ನು ಡ್ಯಾಂಡಿನಾಂಗ್ ಮಾರ್ಕೆಟ್ಟಿಗೆ ಕರೆದೊಯ್ದ. ದಾರಿಯಲ್ಲಿ ಸೈಕಲ್ ಸವಾರನೊಬ್ಬನ ಹೆಲ್ಮೆಟ್ಟಿನ ತುಂಬ ಮುಳ್ಳುಹಂದಿಯಂತೆ ಕಡ್ಡಿಗಳು. ಈ ತಿಂಗಳಲ್ಲಿ ಒಂದು ಜಾತಿಯ ಹಕ್ಕಿ ಮರಿ ಮಾಡಿ, ದಾರಿಹೋಕರ ತಲೆ ಕುಕ್ಕುತ್ತದಂತೆ. ಬೇರೆ ದಿನವಾಗಿದ್ದರೆ ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದೆ.

ಮಾರ್ಕೆಟ್ಟಿನಲ್ಲಿ ಅಫಘಾನಿ ರೊಟ್ಟಿ, ಶ್ರೀಲಂಕಾದ ಮೀನು, ನುಗ್ಗೆಕಾಯಿ. ಮಲ್ಲು ಖುಷಿಯಲ್ಲಿದ್ದ. ಹೆರ್ಮನ್ ಅಜ್ಜ ನಾಳೆ ರಶ್ಮಿಯ ಫೋನಿನಲ್ಲಿ ವಿಡಿಯೋ ನೋಡುತ್ತಾರೆ, ತಮ್ಮ ಅಜ್ಜ ಓಡಿಸಿದ ಎಂಜಿನ್ನು ಹೊಗೆ ಬಿಡುವುದನ್ನು ನೋಡಿಯೇ ಸಾಯುತ್ತೇನೆ ಎಂದಿದ್ದಾರೆ ಎಂದು ನುಗ್ಗೆಕಾಯಿ ಆರಿಸುತ್ತಲೇ ಹೇಳಿದ. ನನಗೆ ಗೋಡೆಯ ಮೇಲಿನ ಆ ಅಪರಿಚಿತ ನೆಂಟನ ಮುಖ ನೆನಪಾಯಿತು. ಇನ್ನು ತಡೆಯಲಾಗಲಿಲ್ಲ. ಕಾರಿನಲ್ಲಿ ಕೂತೊಡನೆ ಹೇಳಿಬಿಟ್ಟೆ.

‘ಮಲ್ಲು, ಆ ಅಜ್ಜನ ಹಳೇ ಫೋಟೋ ಸರಿ ಐತಿ. ನಿನ್ನ ಎಂಜಿನ್ನ ಉಲ್ಟಾ ಆಗೇತಿ.’

ಅವನು ನಕ್ಕ. ಗುಂಡಿಯ ವಿಷಯ ಹೇಳಿದೆ. ಇನ್ನೂ ನಗುತ್ತಿದ್ದ. ಪೈಪಿನ ಗೆರೆಯ ವಿಷಯ ಹೇಳಿದಾಗ ನಗು ನಿಂತಿತು.

‘ಆ ಗೆರಿ ನಾನೂ ನೋಡಿದ್ದೆ. ಬರದಾಂವ ತಪ್ಪಿರಬೇಕು ಅಂದ್ಕೊಂಡೆ’ ಎಂದ.

‘ನಕ್ಷೆ ಬರದಾಂವ ತಪ್ಪಿದ, ಫೋಟೋ ಅಚ್ಚು ಹಾಕಿದಾಂವ ತಪ್ಪಿದ, ನೀ ಒಬ್ಬಾಂವ ಶಾಣ್ಯಾ ಏನು? ಕೆಳಗಿನ ಚಿತ್ರ ಮ್ಯಾಲಿಂದ ನೋಡಿದ್ದು ಅಂತ ಅಡಗಿಮನ್ಯಾಗ ಕೂಡ್ರಿಸಿ ಎಷ್ಟು ಸಲ ಹೇಳೇನಿ! ಅದನ್ನ ಹೆಂಗ ಮರತಿ?’

ಅವನು ಕಾರನ್ನು ಮನೆಯ ದಾರಿ ಬಿಟ್ಟು ಬೇರೆ ಕಡೆಗೆ ತಿರುಗಿಸಿದ. ತಗಡಿನ ಗೋದಾಮುಗಳ ಸಾಲಿನಲ್ಲಿ, ಈಗ ಟೈರ್ ಅಂಗಡಿಯಾಗಿರುವ ಒಂದು ಶೆಡ್ಡಿನ ಎದುರು ನಿಲ್ಲಿಸಿದ.

‘ನನ್ನ ಮೊದಲನೇ ಕೆಲಸ ಇಲ್ಲೇ. ನೀ ಕಲಿಸಿದಂಗ ಓದಿದೆ ಅಕ್ಕಾ. ಅರವತ್ತು ಕಬ್ಬಿಣದ ಬ್ರಾಕೆಟ್ ಮಾಡಿದೆ. ಅರವತ್ತೂ ಉಲ್ಟಾ. ಎಲ್ಲಾರ ಮುಂದ ಒಂದೊಂದ ಎತ್ತಿ ತೊಟ್ಟಿಗೆ ಒಗದು, ಮೂರನೇ ವಾರದಾಗ ಮನಿಗೆ ಕಳಿಸಿದ್ರು.’

ಮಲ್ಲು ಶೆಡ್ಡಿನ ಬಾಗಿಲು ನೋಡುತ್ತಲೇ ಮುಂದುವರಿಸಿದ.

‘ಐದು ತಿಂಗಳ ಗೋದಾಮಿನ್ಯಾಗ ಪೆಟ್ಟಿಗಿ ಹೊತ್ತೆ. ನೀ ಅಲ್ಲಿ ಓಣಿ ತುಂಬ ಫೇಡೆ ಹಂಚಿದ್ದಿ. ನಿನಗ ಹೆಂಗ ಹೇಳ್ಲಿ? ಅವತ್ತ ಠರಾಸಿದೆ, ಅಕ್ಕ ಕಲಿಸಿದ್ದನ್ನ ತಲಿಯಿಂದ ತಗದ ಹಾಕಬೇಕಂತ. ತಗದ ಹಾಕೇ ಈ ದೇಶದಾಗ ಅನ್ನ ಉಂಡೇನಿ.’

ಇಪ್ಪತ್ತೆರಡು ವರ್ಷ ಈ ಮಾತನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ನನ್ನ ಎದೆಗೆ ಒದ್ದಂತಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ಪದ್ಧತಿ ಇದೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಅಮೆರಿಕದ ಡೀಸೆಲ್ ಎಂಜಿನ್ನುಗಳ ಹಾಳೆಗಳು ನಮ್ಮ ಆಫೀಸಿಗೆ ಬರುತ್ತಿದ್ದವು. ಅವನ್ನು ತಿರುವಿ ಬರೆಯುತ್ತಿದ್ದವಳೇ ನಾನು. ಹುಡುಗನ ತಲೆ ಕೆಡುತ್ತದೆ, ಒಂದು ಕಲಿತರೆ ಸಾಕು ಎಂದು ಹೇಳಲಿಲ್ಲ. ಒಂದು ವಾಕ್ಯ ಸಾಕಾಗಿತ್ತು. ಅದನ್ನು ಆ ಶೆಡ್ಡಿನ ಎದುರೇ ಒಪ್ಪಿಕೊಂಡೆ. ನುಗ್ಗೆಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಮಲ್ಲು ಚೀಲವನ್ನು ನನ್ನ ತೊಡೆಯಿಂದ ತೆಗೆದು ಹಿಂದಿನ ಸೀಟಿಗಿಟ್ಟ. ‘ಅಂದ್ರ ಆ ಜರ್ಮನಿಯಾಂವ ನಿನ್ನಂಗ ಬರದಾನ’ ಎಂದ ಕೊನೆಗೆ. ಅಷ್ಟೇ ಹೇಳಿ ಕಾರು ಹೊರಡಿಸಿದ. ನಾಳೆ ಏನು ಮಾಡುತ್ತಾನೆಂದು ನಾನೂ ಕೇಳಲಿಲ್ಲ, ಸವಿತಾಳೂ ಕೇಳಲಿಲ್ಲ.

ಕ್ಲಬ್ಬಿನ ಮೈದಾನ

ಭಾನುವಾರದ ಮೈದಾನ ಕಂಡು ನಾನು ದಂಗಾದೆ. ಐದಿಂಚು ಅಗಲದ ಹಳಿ, ಅಂಗೈಯಷ್ಟು ಸಿಗ್ನಲ್, ಮೊಣಕಾಲೆತ್ತರದ ಸುರಂಗ. ಬಿಳಿ ಗಡ್ಡದ ಮುದುಕರು ಕುದುರೆ ಏರಿದ ಹಾಗೆ ಪುಟ್ಟ ಗಾಡಿಗಳ ಮೇಲೆ ಕೂತು, ಕೈಯಲ್ಲಿ ಹಸಿರು ಬಾವುಟ ಹಿಡಿದು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಸುತ್ತುಹೊಡೆಯುತ್ತಿದ್ದರು. ನಮ್ಮ ಸ್ಟೇಷನ್ ಮಾಸ್ತರರಲ್ಲೂ ಅಷ್ಟು ಗಾಂಭೀರ್ಯ ನೋಡಿಲ್ಲ. ಬಾಯ್ಲರಿನ ಪರೀಕ್ಷೆ ಮಾಡಿ ಸಹಿ ಹಾಕಿದವಳು ಎಪ್ಪತ್ತರ ಒಬ್ಬ ಹೆಂಗಸು. ಕ್ಲಬ್ಬಿನ ಕಾರ್ಯದರ್ಶಿಯೂ ಅವಳೇ. ನೀಲಿ ಕೆಲಸದ ಉಡುಪು, ಮೂಗಿನ ಮೇಲೆ ಮಸಿ. ನಾನೂ ರೈಲ್ವೆಯವಳು ಎಂದಾಗ ಕೈ ಕುಲುಕಿ, ನನ್ನ ಕೈಗೂ ಮಸಿ ಹಚ್ಚಿದಳು.

ಮಲ್ಲುವಿನ ಎಂಜಿನ್ನನ್ನು ಹಳಿಯ ಮೇಲಿಟ್ಟರು. ಮೂವತ್ತು ಜನ ಸುತ್ತ ಸೇರಿದರು. ಬೆಂಕಿಗೂಡಿನಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು ತುಂಬಿತ್ತು. ಸವಿತಾ ಫೋನು ಹಿಡಿದಳು. ಅದರಲ್ಲಿ ಹೆರ್ಮನ್ ಅಜ್ಜ, ಟೈ ಕಟ್ಟಿಕೊಂಡು ಕೂತಿದ್ದರು. ಅವರ ಹಿಂದೆ ಗೋಡೆಯ ಮೇಲಿನ ಫೋಟೋ ಕಾಣುತ್ತಿತ್ತು.

ಮಲ್ಲು ಬೆಂಕಿಪೆಟ್ಟಿಗೆ ತೆಗೆದ. ಕಡ್ಡಿಯನ್ನು ಬೆರಳಲ್ಲಿ ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ, ಪತ್ರಿಕೆಯಲ್ಲಿ ತಾನು ಬರೆದದ್ದು ತಪ್ಪು, ನಕ್ಷೆಯನ್ನು ತಾನು ಉಲ್ಟಾ ಓದಿದ್ದೇನೆ, ಈ ಎಂಜಿನ್ನಿನ ಎಡಬಲ ಅದಲುಬದಲಾಗಿದೆ ಎಂದ. ಅರವತ್ತು ಬ್ರಾಕೆಟ್ಟಿನ ದಿನವೂ ಹೀಗೇ ನಿಂತಿದ್ದನೇನೋ ಎನಿಸಿತು. ಯಾರೂ ನಗಲಿಲ್ಲ. ಕಾರ್ಯದರ್ಶಿ ಹೆಂಗಸು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡಳು.

ಫೋನಿನಿಂದ ಅಜ್ಜನ ದನಿ ಬಂತು. ‘ಹಾಗಾದರೆ ಹಳೆಯ ಫೋಟೋ?’

ನಾನು ಅದನ್ನು ಸೀರೆಯಿಂದ ಬಿಚ್ಚಿ ಫೋನಿನ ಮುಂದೆ ಹಿಡಿದೆ. ‘ಇದೇ ಸರಿ. ನಿಮ್ಮ ಅಜ್ಜ ಇವರೇ’ ಎಂದೆ.

ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ರಶ್ಮಿ ಆ ಕಡೆಯಿಂದ ‘ಅಂಕಲ್, ಆರ್ ಯೂ ಓಕೆ?’ ಎನ್ನುವುದು ಕೇಳಿಸಿತು.

‘ತಪ್ಪು ನನ್ನದು. ಇವತ್ತು ಹೀಗೇ ಓಡಿಸುತ್ತೇನೆ, ನೀವು ನೋಡಿಬಿಡಿ. ಆಮೇಲೆ ಬಿಚ್ಚಿ ಸರಿಮಾಡುತ್ತೇನೆ’ ಎಂದ ಮಲ್ಲು.

‘ಸರಿಮಾಡಲು ಎಷ್ಟು ಕಾಲ ಬೇಕು?’

‘ಒಂದೂವರೆ ವರ್ಷ.’

ಎಂಬತ್ತೆಂಟರ ಮನುಷ್ಯನಿಗೆ ಒಂದೂವರೆ ವರ್ಷ ಎಂದರೇನೆಂದು ಅಲ್ಲಿದ್ದ ಮುದುಕರಿಗೆಲ್ಲ ಗೊತ್ತಿತ್ತು. ಓಡಿಸು ಎಂದೇ ಹೇಳುತ್ತಾರೆ ಎಂದು ನಾನು ಕಾದೆ.

‘ಬೇಡ’ ಎಂದರು ಅಜ್ಜ. ‘ನನ್ನ ಅಜ್ಜ ಬಲಗಡೆ ನಿಂತು ಓಡಿಸಿದವನು. ಸರಿಮಾಡು. ನಾನು ಕಾಯುತ್ತೇನೆ.’

ನನಗೆ ನಂಬಲಾಗಲಿಲ್ಲ. ಸವಿತಾ ಫೋನು ಹಿಡಿದುಕೊಂಡೇ ಅಳುತ್ತಿದ್ದಳು. ಮಲ್ಲು ಕಡ್ಡಿಯನ್ನು ಗೀರದೆ ಪೆಟ್ಟಿಗೆಗೆ ಹಾಕಿ, ಕಾರ್ಯದರ್ಶಿಯ ಕಡೆ ಕೈ ಚಾಚಿ ಸ್ಪ್ಯಾನರ್ ಕೇಳಿದ. ಅವಳು ಜೇಬಿನಿಂದ ಕೊಟ್ಟಳು. ಅವನು ಹುಲ್ಲಿನ ಮೇಲೆ ಮಂಡಿಯೂರಿ, ಅಜ್ಜ ನೋಡುತ್ತಿದ್ದಂತೆಯೇ, ಲಿವರಿನ ಮೊದಲ ಬೋಲ್ಟು ಬಿಚ್ಚಿ ನನ್ನ ಅಂಗೈಯಲ್ಲಿ ಹಾಕಿದ.